ಎರಡು ಎಕರೆ ಖುಷ್ಕಿ ಜಮೀನಿಗೆ ಕೃಷಿ ಹೊಂಡವೋ, ಬೋರ್‌ ಮರುಪೂರಣವೋ? ಅಪ್ಪನ ನೆನಪಿಗೆ ಊರ ಕಟ್ಟೆಗೆ ಹಣ ಕೊಡುವುದು ಹೇಗೆ?

ನಾಗಮಂಗಲದ ಕಡೆ ಕೆಂಪು ಮಣ್ಣಿನ ಜಮೀನು, ಬೇಸಿಗೆಯಲ್ಲಿ ಬೋರ್‌ ಕೈಕೊಡುತ್ತೆ, ಮಳೆನೀರನ್ನು ಹೊಂಡದಲ್ಲಿ ಕೂಡಿಡಲೋ, ಬೋರ್‌ಗೇ ಇಂಗಿಸಲೋ (ಮರುಪೂರಣ), ಅಪ್ಪನ ನೆನಪಿಗೆ ಊರ ಕಟ್ಟೆಗೆ, ಅಂದರೆ ಸಣ್ಣ ಕೆರೆಗೆ, ಹಣ ಹೇಗೆ ಕೊಡಲಿ ಅಂತ ಬರೆದಿದ್ದೀರಿ. ಮೊದಲು ಲೆಕ್ಕ ಹಾಕಿ. ಒಂದು ಎಕರೆ ಸುಮಾರು 4,047 ಚದರ ಮೀಟರ್. 25 ಮಿ.ಮೀ. ಮಳೆ ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರ್. ಉತ್ತ ಹೊಲದಲ್ಲಿ ಇದರ ಐದನೇ ಒಂದು ಭಾಗ ಹರಿದು ಹೋಗುತ್ತೆ ಅಂತಿಟ್ಟುಕೊಂಡರೂ ಎರಡೆಕರೆಯಿಂದ ಒಂದು ಮಳೆಗೆ 40 ಸಾವಿರ ಲೀಟರ್. 12×12×3 ಮೀಟರಿನ ಹೊಂಡ, ಬದಿ 1:1 ಇಳಿಜಾರಿದ್ದರೆ (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಸರಿದರೆ), ಎರಡೂವರೆ ಲಕ್ಷ ಲೀಟರ್ ಹಿಡಿಯುತ್ತೆ. ಆರೇಳು ಒಳ್ಳೆ ಮಳೆಗೆ ತುಂಬುತ್ತೆ. ಸಬ್ಸಿಡಿ ಇದೆ ಅಂತ 21 ಮೀಟರಿನದು ತೆಗೆಸಬೇಡಿ, ಅದಕ್ಕೆ ಹತ್ತಿರ ಹತ್ತು ಲಕ್ಷ ಲೀಟರ್ ಬೇಕು, ಜಾಗವೂ ದಂಡ.

ಕೆಂಪು ಮಣ್ಣಿನ ಹೊಂಡದಲ್ಲಿ ನೀರು ನಿಲ್ಲಬೇಕಾದರೆ 500 ಮೈಕ್ರಾನ್ (ಅರ್ಧ ಮಿ.ಮೀ.) ದಪ್ಪದ ಪ್ಲಾಸ್ಟಿಕ್ ಶೀಟ್ ಹಾಸಲೇಬೇಕು. ಆದರೆ ಶೀಟ್ ಹಾಸಿದ ಹೊಂಡದಿಂದ ಬೋರ್‌ಗೆ ಒಂದು ಹನಿಯೂ ಇಳಿಯಲ್ಲ. ಗಿಡಕ್ಕೆ ನೀರು ಕೂಡಿಡಬೇಕೋ, ಅಂತರ್ಜಲಕ್ಕೆ ಇಂಗಿಸಬೇಕೋ ಅನ್ನೋದನ್ನು ಮೊದಲೇ ತೀರ್ಮಾನ ಮಾಡಿ. ಶೀಟನ್ನು ಬಿಗಿಯಾಗಿ ಎಳೆಯದೆ ಸಡಿಲವಾಗಿ ಹಾಸಿ, ಅಂಚನ್ನು ಒಂದೂವರೆ ಅಡಿ ಕಾಲುವೆ ತೆಗೆದು ಮಣ್ಣಿನಲ್ಲಿ ಹೂಳಿ. ನೀರು ಒಳಗೆ ಬರುವ ಕಡೆ ಹೂಳು ತಡೆಯಲು 2×1×1 ಮೀಟರಿನ ಹೂಳುಗುಂಡಿ, ಹೊರಗೆ ಹೋಗೋ ಕಡೆ ಕಲ್ಲು ಹಾಸಿದ ಕೋಡಿ. ಸುತ್ತ ಬೇಲಿಯಂತೂ ಬೇಕೇ ಬೇಕು. ಶೀಟಿನ ಮೇಲೆ ಪಾಚಿ ಕಟ್ಟಿದರೆ ಈಜು ಬಂದವರಿಗೂ ಕಾಲು ನಿಲ್ಲಲ್ಲ. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಡಿ.

ಬೋರ್‌ ಮರುಪೂರಣಕ್ಕೆ ಕೇಸಿಂಗ್ (ಕೊಳವೆ ಬಾವಿಗೆ ಇಳಿಸಿದ ಹೊರ ಪೈಪು) ಸುತ್ತ ಹತ್ತಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಪೈಪಿಗೆ ತೂತು ಕೊರೆದು, ನೈಲಾನ್ ಜಾಲರಿ ಸುತ್ತಿ, ತಳಕ್ಕೆ ದಪ್ಪ ಕಲ್ಲು, ನಡುವೆ ಜಲ್ಲಿ, ಮೇಲೆ ಮರಳು ತುಂಬುತ್ತಾರೆ. ಬತ್ತಿದ ಬೋರ್‌ಗೆ ಸರಿ. ನೀರು ಕೊಡುತ್ತಿರೋ ಬೋರ್‌ಗೆ ಇದನ್ನು ಮಾಡಿಸಬೇಡಿ, ಗೊಬ್ಬರ, ಔಷಧಿ ಬೆರೆತ ನೀರು ನೇರ ಒಳಗಿಳಿಯುತ್ತೆ. ಹತ್ತು ಹದಿನೈದು ಅಡಿ ದೂರದಲ್ಲಿ ಬರೀ ಇಂಗುಗುಂಡಿ ಸಾಕು. ಕಲ್ಲನ್ನು ಜೆಸಿಬಿಯಲ್ಲಿ ಸುರಿದರೆ ಪಿವಿಸಿ ಕೇಸಿಂಗ್ ಒಡೆಯುತ್ತೆ, ಕೈಯಲ್ಲೇ ಜೋಡಿಸಬೇಕು. ಪ್ರತಿ ಮುಂಗಾರಿಗೆ ಮುಂಚೆ ಮರಳಿನ ಮೇಲಿನ ಹೆಪ್ಪು ಕೆರೆಯದಿದ್ದರೆ ಗುಂಡಿ ಸತ್ತಂತೆ. ಇಷ್ಟೆಲ್ಲಕ್ಕೂ ಮುಂಚೆ ಇಳಿಜಾರಿಗೆ ಅಡ್ಡ ಬದು ಹಾಕಿಸಿ, ಕಡಿಮೆ ಖರ್ಚಿನಲ್ಲಿ ಹೆಚ್ಚು ಕೆಲಸ ಅದೇ ಮಾಡೋದು.

ಇನ್ನು ಕಟ್ಟೆ ವಿಚಾರ. ದಾನ ಕೊಡೋರೆಲ್ಲ ಹೂಳೆತ್ತಲು ಕೊಡುತ್ತಾರೆ, ಫೋಟೋ ಚೆನ್ನಾಗಿ ಬರುತ್ತೆ. ಆದರೆ ಕಟ್ಟೆಗೆ ನೀರು ತರುವ ಹಳ್ಳದಲ್ಲಿ ಜಾಲಿ ಬೆಳೆದು, ಅರ್ಧ ಒತ್ತುವರಿಯಾಗಿ, ಮಳೆನೀರು ರಸ್ತೆಗೆ ತಿರುಗಿರುತ್ತೆ. ಅಪ್ಪನ ಹೆಸರಿಗೆ ನೀರು ನಿಲ್ಲಬೇಕು ಅನ್ನೋದು ನಿಮ್ಮ ಆಸೆಯಾದರೆ ಮೊದಲ ಕಂತು ಆ ಹಳ್ಳಕ್ಕೆ ಹೋಗಲಿ. ಸರ್ವೆ ಮಾಡಿಸಿ, ಪಂಚಾಯಿತಿಯಿಂದ ಲಿಖಿತ ಒಪ್ಪಿಗೆ ಪಡೆದೇ ಕೈ ಹಾಕಿ. ಹೂಳೆತ್ತುವಾಗ ಏರಿಯ ಬುಡಕ್ಕೆ ಬಕೆಟ್ ಹಾಕಿಸಬೇಡಿ, ಏರಿ ಕುಸಿಯುತ್ತೆ. ಕಪ್ಪು ಗೋಡು (ಹೂಳು ಮಣ್ಣು) ಮುಗಿದು ತಳದ ಜೇಡಿ ಕಂಡ ಕೂಡಲೇ ನಿಲ್ಲಿಸಿ, ಅದನ್ನೂ ಬಗೆದರೆ ನೀರು ನಿಲ್ಲಲ್ಲ. ಗದ್ದೆಗೆ ನೀರು ಬಿಡುವ ತೂಬಿಗಿಂತ ಕೆಳಗೆ ತೆಗೆದಷ್ಟು ನೀರು ಗದ್ದೆಗೆ ಹರಿಯಲ್ಲ, ದನಕರುಗಳಿಗಷ್ಟೇ. ನನ್ನ ಪ್ರಕಾರ ಅದೂ ಸಾರ್ಥಕವೇ. ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರು ಕುರಿ ಮಾರಿದ ದುಡ್ಡು ಸುರಿದು ಗುಡ್ಡದಲ್ಲಿ ಕಟ್ಟೆ ತೆಗೆಸಿದ್ದು ಪ್ರಾಣಿ ಪಕ್ಷಿಗಳಿಗಾಗಿಯೇ.

ಹಣವನ್ನು ಒಟ್ಟಿಗೆ ಯಾರ ಕೈಗೂ ಕೊಡಬೇಡಿ. ಜೆಸಿಬಿ ಗಂಟೆ ಮೀಟರಿನ ಫೋಟೋ ಬೆಳಿಗ್ಗೆ, ಸಂಜೆ ತೆಗೆಸಿ, ಮಾಲೀಕರ ಖಾತೆಗೇ ಹಾಕಿ. ಗೋಡನ್ನು ರೈತರು ತಮ್ಮ ಟ್ರ್ಯಾಕ್ಟರಿನಲ್ಲೇ ಹೊಡೆದುಕೊಂಡು ಹೋದರೆ ಸಾಗಣೆ ಖರ್ಚು ಉಳಿಯುತ್ತೆ. ತೆರಿಗೆ ವಿನಾಯಿತಿ ಬೇಕಿದ್ದರೆ ದಾನಕ್ಕೆ ವಿನಾಯಿತಿ ಕೊಡಿಸುವ ಆದಾಯ ತೆರಿಗೆ ನೋಂದಣಿ (80ಜಿ ಅಂತ ಹೆಸರಾದದ್ದು) ಇರುವ ಟ್ರಸ್ಟ್ ಮೂಲಕವೇ ಕೊಡಬೇಕು. 2,000 ರೂಪಾಯಿ ಮೀರಿದ ನಗದಿಗೆ ಅದು ಸಿಗಲ್ಲ.