ಮೇಲಧಿಕಾರಿಯ ಮಾತು, ದೇವರ ಮಾತು: ಒಂದು ಆಪ್ತಸಲಹೆ ಪ್ರಕರಣ

ನಲವತ್ತು ದಾಟಿದ ವಿಶ್ವಾಸಿಯೊಬ್ಬರು. ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಕ್ರೈಸ್ತ ಸಭೆಯಲ್ಲಿ ಹಿರಿಯರು, ಭಾನುವಾರ ಮಕ್ಕಳಿಗೆ ಬೈಬಲ್ ವಾಕ್ಯ ಕಲಿಸುತ್ತಾರೆ. ಬಂದಾಗ ಹೇಳಿಕೊಂಡ ತೊಂದರೆ ಎರಡು: ರಾತ್ರಿ ಮೂರು ತಾಸಿಗಿಂತ ಹೆಚ್ಚು ನಿದ್ದೆ ಇಲ್ಲ, ಪ್ರಾರ್ಥನೆಗೆ ಮೊಣಕಾಲೂರಿದರೆ ಮಾತು ಹೊರಡುವುದಿಲ್ಲ. ‘ದೇವರ ಮೇಲಿನ ಭರವಸೆ ಕಡಿಮೆಯಾಗಿದೆ, ಹೆಚ್ಚಿಸಿಕೊಳ್ಳೋದು ಹೇಗೆ ಅಂತ ಹೇಳಿಕೊಡಿ’ ಎಂಬುದು ಕೋರಿಕೆ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಇಲ್ಲಿ ಬದಲಿಸಿದೆ.

ಹೀಗೆ ಕೇಳಿದವರ ಕೈಗೆ ಭರವಸೆಯ ವಚನಗಳ ಪಟ್ಟಿ ಕೊಟ್ಟು ಕಳಿಸುವುದು ಸಲಹೆಗಾರರು ಮಾಡುವ ದೊಡ್ಡ ತಪ್ಪು. ಪ್ರಾರ್ಥನೆ ಯಾವಾಗಿನಿಂದ ನಿಂತಿತು ಎಂದು ಮೊದಲು ಕೇಳಬೇಕು. ಇವರಿಗೆ ಆ ದಿನ ಚೆನ್ನಾಗಿ ನೆನಪಿತ್ತು: ಮೂರು ತಿಂಗಳ ಹಿಂದಿನ ತಿಂಗಳ ಕೊನೆ. ಇನ್ನೂ ಬಾರದ ಸರಕು ಬಂದಿದೆ ಎಂದು ದಾಸ್ತಾನು ಪುಸ್ತಕದಲ್ಲಿ ಬರೆಯಲು ಮೇಲಧಿಕಾರಿ ಹೇಳಿದ್ದರು. ಇವರು ಬರೆದರು, ಸಹಿಯನ್ನೂ ಹಾಕಿದರು. ಮುಂದಿನ ಎರಡು ತಿಂಗಳೂ ಅದೇ ಆಯಿತು. ನಾಲ್ಕನೆಯ ತಿಂಗಳ ಕೊನೆಗೆ ಇನ್ನು ಹತ್ತು ದಿನ ಉಳಿದಿತ್ತು.

ಸಾಯಬೇಕೆನ್ನುವ ಯೋಚನೆ ಬರುತ್ತದೆಯೇ ಎಂದು ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿದೆವು. ಇಲ್ಲ ಎಂದರು. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ವೈದ್ಯರನ್ನು ಕಾಣಬೇಕೆಂದು ಒಪ್ಪಿಸಿದೆವು. ಆತ್ಮಿಕ ಕಾರಣ ಕಣ್ಣೆದುರೇ ಇದ್ದರೂ ದೇಹದ ಆರೈಕೆಯನ್ನು ಮುಂದೂಡಬಾರದು. ಬೇಸತ್ತು ಸಾವನ್ನೇ ಬೇಡಿಕೊಂಡ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಹೇಳಿದ್ದು ಎದ್ದು ಊಟಮಾಡು ಎಂದೇ (1 ಅರಸುಗಳು 19:5).

ಸುಳ್ಳನ್ನು ಸಮರ್ಥಿಸಲು ಅವರು ಹಿಡಿದಿದ್ದೂ ವಾಕ್ಯವನ್ನೇ. ಮೇಲಿರುವ ಅಧಿಕಾರಿಗಳಿಗೆ ಅಧೀನರಾಗಿರಿ ಎಂದು ರೋಮಾಪುರದವರಿಗೆ ಬರೆದ ಪತ್ರ 13:1 ಹೇಳುತ್ತದೆ, ವಕ್ರಬುದ್ಧಿಯ ಯಜಮಾನನಿಗೂ ಅಧೀನರಾಗಿರಿ ಎಂದು 1 ಪೇತ್ರ 2:18. ‘ಬರೆಸಿದ ಪಾಪ ಅವರದು, ವಿಧೇಯತೆ ನನ್ನದು’ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದರು. ಮನಸ್ಸು ಮಾತ್ರ ಒಪ್ಪಿರಲಿಲ್ಲ. ಆ ಮೂರು ತಿಂಗಳಲ್ಲಿ ಸಭೆಯ ಕೆಲಸವನ್ನು ಅವರು ಎರಡುಪಟ್ಟು ಮಾಡಿಕೊಂಡಿದ್ದರು. ಹೊಸ ಪ್ರಾರ್ಥನಾಕೂಟ, ಹೆಚ್ಚಿನ ಕಾಣಿಕೆ. ಅವರೊಂದಿಗೆ 1 ಸಮುವೇಲ 15ನ್ನು ಪೂರ್ತಿ ಓದಿದೆವು. ಯಜ್ಞಕ್ಕಿಂತ ವಿಧೇಯತೆ ಮೇಲು ಎಂಬ 22ನೆಯ ವಚನ ಅವರಿಗೆ ಕಂಠಪಾಠ. ಅವರು ತಡೆದು ನಿಂತದ್ದು 24ನೆಯದರಲ್ಲಿ. ಜನರಿಗೆ ಹೆದರಿ ಅವರ ಮಾತಿಗೆ ಕಿವಿಗೊಟ್ಟೆ ಎಂದು, ದೇವರ ಅಪ್ಪಣೆ ಮೀರಿದ ಅರಸ ಸೌಲನು ಅಲ್ಲಿ ಒಪ್ಪಿಕೊಳ್ಳುತ್ತಾನೆ. ತಾನು ವಿಧೇಯತೆ ಎಂದು ಕರೆಯುತ್ತಿದ್ದುದರ ನಿಜವಾದ ಹೆಸರು ಹೆದರಿಕೆ ಎಂದು ಅವರ ಬಾಯಿಂದಲೇ ಬಂತು. ಅದನ್ನು ನಾವು ಹೇಳಿದ್ದರೆ ಆಪಾದನೆಯಾಗುತ್ತಿತ್ತು.

ಎರಡನೆಯ ಭೇಟಿಯ ಬಹುಪಾಲು ಮತ್ತಾಯ 8ರ ಶತಾಧಿಪತಿಗೆ, ಅಂದರೆ ನೂರು ಸಿಪಾಯಿಗಳ ಅಧಿಕಾರಿಗೆ, ಹೋಯಿತು. ‘ನಾನು ಸಹ ಮತ್ತೊಬ್ಬರ ಕೈಕೆಳಗಿರುವವನು’ ಎಂಬುದು ಆತನ ಮಾತಿನ ಮೊದಲ ಭಾಗ, ‘ನನ್ನ ಕೈಕೆಳಗೆ ಸಿಪಾಯಿಗಳಿದ್ದಾರೆ’ ಎಂಬುದು ಎರಡನೆಯದು. ಈ ಕ್ರಮದಲ್ಲೇ ಅರ್ಥವಿದೆ. ‘ಹೋಗು’ ಎಂದರೆ ಸಿಪಾಯಿ ಹೋಗುವುದು ಆ ಅಪ್ಪಣೆಯ ಹಿಂದೆ ಮೇಲಿನವರ ಅಪ್ಪಣೆ ಇರುವುದರಿಂದ. ಮೇಲಿನವರಿಗೆ ತಿರುಗಿಬಿದ್ದು ಕೊಟ್ಟ ಅಪ್ಪಣೆಗೆ ಆ ಬಲವಿಲ್ಲ. ತನ್ನನ್ನು ವಿಚಾರಿಸಿದ ರೋಮನ್ ಅಧಿಪತಿ ಪಿಲಾತನಿಗೂ ಯೇಸು ಇದನ್ನೇ ಹೇಳಿದನು: ಮೇಲಿನಿಂದ ಕೊಡಲ್ಪಡದಿದ್ದರೆ ನನ್ನ ಮೇಲೆ ನಿನಗೆ ಅಧಿಕಾರವೇ ಇರುತ್ತಿರಲಿಲ್ಲ (ಯೋಹಾನ 19:11). ಎಲ್ಲ ಅಧಿಕಾರವೂ ದೇವರಿಂದಲೇ ಎಂಬ ರೋಮಾ 13:1ರ ಮಾತು ಅಧಿಕಾರಿಗೆ ಗೌರವವನ್ನೂ ಕೊಡುತ್ತದೆ, ಎಲ್ಲೆಯನ್ನೂ ಹಾಕುತ್ತದೆ. ಅಧೀನರಾಗಿರಿ ಎಂದು ಬರೆದ ಅದೇ ಪೇತ್ರನು ಯೆಹೂದ್ಯರ ಹಿರಿಯ ಸಭೆಯ ಮುಂದೆ ನಿಂತು, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದನು (ಅಪೊಸ್ತಲರ ಕೃತ್ಯಗಳು 5:29). 1 ಪೇತ್ರ 2:18 ಹಿಡಿದವರು 20ರವರೆಗೂ ಓದಬೇಕು. ಅಲ್ಲಿರುವುದು ಒಳ್ಳೆಯದನ್ನು ಮಾಡಿ ಬಾಧೆಪಡುವ ಮಾತು. ಯಜಮಾನನ ತಪ್ಪಿಗೆ ಕೈಜೋಡಿಸಲು ಅಲ್ಲಿ ಅನುಮತಿಯಿಲ್ಲ.

ಇಷ್ಟು ತಿಳಿದೊಡನೆ ಅವರು ಇನ್ನೊಂದು ತುದಿಗೆ ಹೋದರು. ‘ಹಾಗಾದರೆ ನಾಳೆಯೇ ರಾಜೀನಾಮೆ ಕೊಡ್ತೀನಿ, ದೇವರು ನೋಡ್ಕೊಳ್ತಾನೆ.’ ಸಭೆಯ ಗೆಳೆಯರೊಬ್ಬರು ಮೊದಲೇ ಹಾಗೆ ಹೇಳಿದ್ದರಂತೆ. ನಾವು ತಡೆದೆವು. ಸುಳ್ಳು ಬರೆಯಬೇಡ ಎಂಬುದು ದೇವರ ಆಜ್ಞೆ, ಕೆಲಸ ಬಿಡು ಎಂಬುದು ಆಜ್ಞೆಯಲ್ಲ. ಭಯದಿಂದ ಕೊಟ್ಟ ಒಪ್ಪಿಗೆಯ ಹಾಗೆಯೇ ಭಯದಿಂದ ಕೊಟ್ಟ ರಾಜೀನಾಮೆಯೂ ಎದುರು ನಿಂತು ಒಂದು ಮಾತು ಹೇಳುವುದನ್ನು ತಪ್ಪಿಸಿಕೊಳ್ಳುವ ದಾರಿಯಾಗಬಹುದು. ಗಿದ್ಯೋನನು ಉಣ್ಣೆಯನ್ನು ಹರಡಿ, ಅದರ ಮೇಲೆ ಮಾತ್ರ ಇಬ್ಬನಿ ಬೀಳಲಿ ಎಂದು ದೇವರಿಂದ ಗುರುತು ಕೇಳಿದ ಹಾಗೆ ನಾನೂ ಕೇಳಲೇ ಎಂದೂ ಕೇಳಿದರು. ಗಿದ್ಯೋನನಿಗೆ ದೇವರ ಮಾತು ಅಷ್ಟರಲ್ಲಾಗಲೇ ಸ್ಪಷ್ಟವಾಗಿ ಬಂದಿತ್ತು (ನ್ಯಾಯಸ್ಥಾಪಕರು 6:14–16). ಸುಳ್ಳುಸಾಕ್ಷಿ ಬೇಡವೆಂಬ ಆಜ್ಞೆ ಕೈಯಲ್ಲಿರುವಾಗ ಗುರುತಿಗೆ ಕಾಯುವುದು ಮುಂದೂಡಿದಂತೆಯೇ.

ಮನೆಗೆ ಕೊಟ್ಟ ಅಭ್ಯಾಸ: ಒಂದು ಹಾಳೆ, ನಡುವೆ ಗೆರೆ. ಎಡಕ್ಕೆ ದೇವರು ನನ್ನ ಕೈಗೆ ಒಪ್ಪಿಸಿದ್ದು, ಬಲಕ್ಕೆ ದೇವರು ತನ್ನ ಕೈಯಲ್ಲೇ ಇಟ್ಟುಕೊಂಡದ್ದು. ಮೊದಲ ಸಲ ಎಡಕ್ಕೆ ಹನ್ನೊಂದು ಸಾಲು ತುಂಬಿಸಿ ತಂದರು. ‘ಕೆಲಸ ಉಳಿಯಬೇಕು’, ‘ಸಾರ್ ಮನಸ್ಸು ಬದಲಾಗಬೇಕು’, ‘ಮನೆಯವರು ಚಿಂತೆ ಮಾಡಬಾರದು’ ಎಲ್ಲವೂ ಅಲ್ಲಿದ್ದವು. ಹೆಚ್ಚಿನವರು ಹೀಗೆಯೇ ಬರೆದು ತರುತ್ತಾರೆ. ಫಲಿತಾಂಶವನ್ನೂ ಕರ್ತವ್ಯದ ಸಾಲಿಗೆ ಸೇರಿಸಿಕೊಂಡವರಿಗೆ ನಿದ್ದೆ ಬರುವುದಿಲ್ಲ. ಒಂದೊಂದಾಗಿ ದಾಟಿಸಿದ ಮೇಲೆ ಎಡಕ್ಕೆ ಉಳಿದವು ನಾಲ್ಕು: ಸುಳ್ಳು ಬರೆಯದಿರುವುದು, ಗೌರವದಿಂದ ಮಾತಾಡುವುದು, ಬರೆದದ್ದನ್ನು ಸರಿಪಡಿಸುವುದು, ಪತ್ನಿಗೆ ಹೇಳುವುದು. ಬಲಭಾಗಕ್ಕೆ ಕೀರ್ತನೆ 37:5 ಕೊಟ್ಟೆವು. ನಿನ್ನ ಮಾರ್ಗವನ್ನು ಯೆಹೋವನಿಗೆ ಒಪ್ಪಿಸು ಎಂಬಲ್ಲಿ ಹೀಬ್ರೂ ಮೂಲದ ಕ್ರಿಯಾಪದಕ್ಕೆ ‘ಉರುಳಿಸು’ ಎಂದರ್ಥ. ಎತ್ತಲಾರದ ಭಾರವನ್ನು ಉರುಳಿಸಿಬಿಡುವುದು. ದಿನಕ್ಕೆ ಮೂರು ಹೊತ್ತು, ಒಂದೊಂದು ಸಲ ಐದು ನಿಮಿಷ, ಬಲಬದಿಯ ಒಂದೊಂದು ಸಾಲನ್ನು ಗಟ್ಟಿಯಾಗಿ ಓದಿ ದೇವರಿಗೆ ಒಪ್ಪಿಸುವುದು. ದೀರ್ಘ ಪ್ರಾರ್ಥನೆ ಸಾಧ್ಯವಾಗದ ಹೊತ್ತಿನಲ್ಲಿ ಅದನ್ನೇ ಹೇರಬಾರದು.

ಮಾತಾಡುವ ರೀತಿಗೆ ದಾನಿಯೇಲ 1:8–14 ಮಾದರಿ. ಅರಸನ ಆಹಾರದಿಂದ ಅಶುದ್ಧನಾಗಬಾರದೆಂದು ದಾನಿಯೇಲನು ಮೊದಲು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡನು. ಆಮೇಲೆ ಕೇಳಿಕೊಂಡನು. ಅಧಿಕಾರಿ ತನ್ನ ತಲೆ ಹೋದೀತೆಂದು ಹೆದರಿದಾಗ ಆ ಭಯವನ್ನು ತಳ್ಳಿಹಾಕದೆ, ಮೇಲ್ವಿಚಾರಕನ ಮುಂದೆ ಹತ್ತು ದಿನದ ಪರೀಕ್ಷೆಯನ್ನು ಇಟ್ಟನು. ಗೌರವ, ಎಲ್ಲೆ, ಬದಲಿ ದಾರಿ. ಕೊಠಡಿಯಲ್ಲೇ ಅಭ್ಯಾಸ ಮಾಡಿಸಿದಾಗ ಮೊದಲ ಸಲ ನಾಲ್ಕು ನಿಮಿಷ ಮಾತಾಡಿದರು. ಅರ್ಧ ಪ್ರಸಂಗ, ಅರ್ಧ ದೂರು. ಐದನೆಯ ಸಲಕ್ಕೆ ಮಾತು ಹೀಗೆ ನಿಂತಿತು: ‘ಸಾರ್, ಬಾರದ ಸರಕನ್ನು ಬಂದಿದೆ ಅಂತ ಇನ್ನು ಮುಂದೆ ಬರೆಯಲಾರೆ. ಸರಬರಾಜುದಾರರು ಕಳಿಸಿ ದಾರಿಯಲ್ಲಿರೋದಕ್ಕೆ ದಾಖಲೆ ಇದ್ರೆ, ಅದನ್ನು ದಾರಿಯಲ್ಲಿರುವ ಸರಕು ಅಂತಲೇ ಬೇರೆ ಪಟ್ಟಿ ಮಾಡಿ ಇವತ್ತೇ ಕೊಡ್ತೀನಿ.’ ತಿಂಗಳ ಕೊನೆಯ ದಿನದ ಒತ್ತಡದಲ್ಲಿ ಹೇಳಬಾರದು, ನಾಲ್ಕೈದು ದಿನ ಮೊದಲೇ ಒಬ್ಬರೇ ಹೋಗಿ ಹೇಳಬೇಕು. ಬೈಬಲ್ ವಚನ ಹೇಳುವುದು ಬೇಡ, ಕೇಳಿದರೆ ಮಾತ್ರ ಉತ್ತರ.

ದೇವರು ಕೆಲಸ ಉಳಿಸಿಯೇ ಉಳಿಸುತ್ತಾನೆ ಎಂಬ ಮಾತನ್ನು ನಾವು ಕೊಡಲಿಲ್ಲ. ಕೊಡುವ ಹಕ್ಕು ಯಾವ ಸಲಹೆಗಾರನಿಗೂ ಇಲ್ಲ. ಅರಸನ ವಿಗ್ರಹಕ್ಕೆ ಅಡ್ಡಬೀಳದೆ ಬೆಂಕಿಯ ಕುಲುಮೆಯ ಮುಂದೆ ನಿಂತ ದಾನಿಯೇಲನ ಮೂವರು ಗೆಳೆಯರೂ, ನಮ್ಮ ದೇವರು ಬಿಡಿಸಬಲ್ಲನು ಎಂದ ಮೇಲೆ ‘ಬಿಡಿಸದಿದ್ದರೂ’ ಎಂದು ಸೇರಿಸಿದರು (ದಾನಿಯೇಲ 3:17–18). ಆ ‘ಬಿಡಿಸದಿದ್ದರೂ’ ಎಂಬ ಭಾಗವನ್ನು ದಂಪತಿ ಒಟ್ಟಿಗೆ ಕೂತು ಲೆಕ್ಕ ಹಾಕಬೇಕೆಂದೆವು: ಸಂಬಳ ನಿಂತರೆ ಎಷ್ಟು ತಿಂಗಳು ನಡೆದೀತು, ಯಾವ ಖರ್ಚು ಮೊದಲು ಇಳಿಸಬಹುದು. ಇದು ಅವಿಶ್ವಾಸವಲ್ಲ. ಯೆರೂಸಲೇಮಿನ ಗೋಡೆ ಕಟ್ಟಿಸುತ್ತಿದ್ದ ನೆಹೆಮೀಯನು ಪ್ರಾರ್ಥನೆಯನ್ನೂ ಮಾಡಿದನು, ಕಾವಲನ್ನೂ ಇಟ್ಟನು (ನೆಹೆಮೀಯ 4:9).

ಹಳೆಯ ಮೂರು ದಾಖಲೆಗಳ ವಿಷಯ ಸೂಕ್ಷ್ಮ. ದೇವರ ಮುಂದೆ ಅರಿಕೆ ಮಾಡಿದರೆ ಕ್ಷಮೆ ಉಂಟು (1 ಯೋಹಾನ 1:9), ಆದರೆ ಸುಂಕದವರ ಮುಖ್ಯಸ್ಥನಾಗಿದ್ದ ಜಕ್ಕಾಯನು ಕ್ಷಮೆಯ ಸಂತೋಷದಲ್ಲೇ ಲೆಕ್ಕವನ್ನೂ ತೀರಿಸಲು ಎದ್ದು ನಿಂತನು. ಹಳೆಯ ಪುಟ ಹರಿಯಬಾರದು, ಹಿಂದಿನ ದಿನಾಂಕ ಹಾಕಿ ಗುಟ್ಟಾಗಿ ತಿದ್ದಬಾರದು. ಅದು ಎರಡನೆಯ ಸುಳ್ಳು. ತಿದ್ದುಪಡಿ ಇಂದಿನ ದಿನಾಂಕದಲ್ಲಿ, ಕಾರಣ ಸಮೇತ ಇರಬೇಕು. ಸಹಿ ಅವರದ್ದಾದ್ದರಿಂದ ಯಾರಿಗೆ, ಯಾವ ರೂಪದಲ್ಲಿ ತಿಳಿಸಬೇಕೆಂಬುದನ್ನು ಮೊದಲು ವಕೀಲರ ಬಳಿ ಕೇಳಲು ಕಳಿಸಿದೆವು. ಕಾನೂನಿನ ಸಲಹೆ ನಮ್ಮ ಕೆಲಸವಲ್ಲ. ಪ್ರಾರ್ಥನಾಕೂಟದಲ್ಲಿ ಸಾಕ್ಷಿಯಾಗಿ ಹೇಳಲು ಹೊರಟಿದ್ದರು, ಬೇಡವೆಂದೆವು. ಅಲ್ಲಿ ಹೇಳಿದರೆ ಮೇಲಧಿಕಾರಿಯ ಹೆಸರು ಬಾಯಿಂದ ಬಾಯಿಗೆ ಹೋಗುತ್ತದೆ.

ಅವರು ಹೇಳಿದರು. ಮೇಲಧಿಕಾರಿ ಎರಡು ದಿನ ಮಾತಾಡಲಿಲ್ಲ, ಆ ತಿಂಗಳು ಬೇರೆ ಪಟ್ಟಿಯನ್ನು ಒಪ್ಪಿಕೊಂಡರು. ವಕೀಲರು ಹೇಳಿದ ರೀತಿಯಲ್ಲಿ ಹಳೆಯ ದಾಖಲೆಗಳ ತಿದ್ದುಪಡಿಯೂ ಆಯಿತು. ಮರುತಿಂಗಳು ದಾಸ್ತಾನಿನ ಪುಸ್ತಕವನ್ನು ಇವರ ಕೈಯಿಂದ ತೆಗೆದು ಕಿರಿಯ ಸಹೋದ್ಯೋಗಿಗೆ ಒಪ್ಪಿಸಿದರು. ಇವರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ನಿದ್ದೆ ಐದಾರು ತಾಸಿಗೆ ಬಂದಿದೆ, ವೈದ್ಯರನ್ನು ಒಮ್ಮೆ ಕಂಡಿದ್ದಾರೆ. ಬೆಳಗಿನ ಹೊತ್ತು ಪ್ರಾರ್ಥನೆಯ ಮಾತು ಹೊರಡುತ್ತದೆ, ಸಂಜೆಗೆ ಇನ್ನೂ ಕಷ್ಟ.

ಐದನೆಯ ಭೇಟಿಗೆ ಬಂದಾಗ ಹಾಳೆಯ ಎಡಬದಿಗೆ ತಾವೇ ಒಂದು ಸಾಲು ಸೇರಿಸಿಕೊಂಡಿದ್ದರು: ‘ಆ ಹುಡುಗ ಹೆದರಿದ್ದಾನೆ. ಬೇರೆ ಪಟ್ಟಿ ಮಾಡೋದು ಹೇಗೆ ಅಂತ ಈ ವಾರ ಅವನಿಗೆ ತೋರಿಸಿಕೊಡಬೇಕು.’