ಬ್ರೆಕ್ಸಿಟ್: ಲೇಬರ್ ಪಕ್ಷ ಅಡ್ಡಗೋಡೆ ಮೇಲೆ ದೀಪ ಇಟ್ಟಿದ್ದೇಕೆ?

ಪ್ರಶ್ನೆ: ನನ್ನ ಮಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ. 2019ರಲ್ಲಿ ಲೇಬರ್ ಪಕ್ಷ ಬ್ರೆಕ್ಸಿಟ್ ಬಗ್ಗೆ ಒಂದು ಕಡೆ ಗಟ್ಟಿಯಾಗಿ ನಿಂತಿದ್ದರೆ ಕಥೆಯೇ ಬೇರೆ ಇರ್ತಿತ್ತು ಅಂತ ಅವನ ಆಫೀಸಿನವರು ಈಗಲೂ ಹೇಳ್ತಾರಂತೆ. ‘ಇರೋಣ’ ಅಥವಾ ‘ಬಿಡೋಣ’ ಅಂತ ಒಂದು ಮಾತು ಹೇಳೋದು ವಿರೋಧ ಪಕ್ಷಕ್ಕೆ ಅಷ್ಟು ಕಷ್ಟವಾ?
– ಓದುಗರು, ಶಿವಮೊಗ್ಗ

ಉತ್ತರ: ಕಷ್ಟವೇ ಆಗಿತ್ತು. ಯಾಕೆ ಅಂತ ಗೊತ್ತಾಗಬೇಕಾದರೆ ನಾಯಕರ ಮಾತು ಸ್ವಲ್ಪ ಪಕ್ಕಕ್ಕಿಟ್ಟು ವೋಟಿನ ಲೆಕ್ಕ ನೋಡಬೇಕು.

2016ರ ಜೂನ್ 23ರ ಜನಮತಗಣನೆಯಲ್ಲಿ ಯುರೋಪಿಯನ್ ಒಕ್ಕೂಟ ಬಿಡಬೇಕು, ಅಂದರೆ ಬ್ರೆಕ್ಸಿಟ್ ಆಗಬೇಕು ಅಂದವರು 51.9%, ಉಳಿಯಬೇಕು ಅಂದವರು 48.1%. ಲೇಬರ್ ಬೆಂಬಲಿಗರನ್ನಷ್ಟೇ ತೆಗೆದುಕೊಂಡರೆ ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರು ಉಳಿಯುವ ಪರ. ಹಾಗಾದರೆ ಗೊಂದಲ ಯಾಕೆ ಅಂತೀರಾ? ಆ ವೋಟುಗಳೆಲ್ಲ ದೊಡ್ಡ ಊರುಗಳಲ್ಲಿ ಗುಡ್ಡೆ ಬಿದ್ದಿದ್ದವು. ಲಂಡನ್ನಿನಲ್ಲಿ ಥೇಮ್ಸ್ ದಂಡೆ ಮೇಲೆ ನಮ್ಮ ಬಸವಣ್ಣನವರ ಪ್ರತಿಮೆ ಇದೆಯಲ್ಲ, ಆ ಲ್ಯಾಂಬೆತ್‌ನಲ್ಲಿ 78.6% ಜನ ಉಳಿಯೋಣ ಅಂದರು. ಪಿಂಗಾಣಿ ಪಾತ್ರೆಗಳ ಊರು ಸ್ಟೋಕ್-ಆನ್-ಟ್ರೆಂಟ್‌ನಲ್ಲಿ 69.4% ಜನ ಬಿಡೋಣ ಅಂದರು. ಎರಡೂ ಲೇಬರ್‌ನ ಹಳೇ ಕೋಟೆಗಳೇ.

ಜನಮತಗಣನೆಯ ಎಣಿಕೆ ಸಂಸತ್ ಕ್ಷೇತ್ರವಾರು ನಡೆದಿರಲಿಲ್ಲ. ಪರಿಣತರು ಅಂದಾಜು ಮಾಡಿ ನೋಡಿದಾಗ, ಲೇಬರ್ ಕೈಲಿದ್ದ ಪ್ರತಿ ಹತ್ತು ಕ್ಷೇತ್ರಗಳಲ್ಲಿ ಸುಮಾರು ಆರು ‘ಬಿಡೋಣ’ ಕಡೆ ಇದ್ದವು. ತಲೆ ಎಣಿಸಿದರೆ ಒಂದು ಉತ್ತರ, ಸೀಟು ಎಣಿಸಿದರೆ ಇನ್ನೊಂದು. ಅಲ್ಲೂ ನಮ್ಮ ಹಾಗೇ, ಕ್ಷೇತ್ರದಲ್ಲಿ ಒಂದು ವೋಟು ಜಾಸ್ತಿ ಬಂದವರೇ ಗೆದ್ದಂತೆ. ಲ್ಯಾಂಬೆತ್‌ನಲ್ಲಿ ಇನ್ನೂ ಹತ್ತು ಸಾವಿರ ವೋಟು ಬಿದ್ದರೂ ಸ್ಟೋಕ್‌ನಲ್ಲಿ ಹೋದ ಸೀಟು ವಾಪಸ್ ಬರಲ್ಲ.

ಇದರ ಜೊತೆಗೆ ನಾಯಕ ಜೆರೆಮಿ ಕಾರ್ಬಿನ್ ಅವರ ಮನಸ್ಸೂ ಅರ್ಧಂಬರ್ಧ. 1975ರ ಜನಮತಗಣನೆಯಲ್ಲಿ ಅವರು ಯುರೋಪಿನ ಕೂಟದಲ್ಲಿ ಇರುವುದು ಬೇಡ ಅಂತ ವೋಟು ಹಾಕಿದವರು. 2016ರಲ್ಲಿ ‘ಉಳಿಯೋಣ’ ಅಂತ ಪ್ರಚಾರಕ್ಕೆ ಹೊರಟಾಗ, ಟಿವಿ ಕಾರ್ಯಕ್ರಮವೊಂದರಲ್ಲಿ ಒಕ್ಕೂಟದ ಬಗ್ಗೆ ಎಷ್ಟು ಉತ್ಸಾಹ ಇದೆ ಅಂತ ಕೇಳಿದರೆ ಹತ್ತಕ್ಕೆ ಏಳು, ಏಳೂವರೆ ಅಂದರು. ಪ್ರಾಮಾಣಿಕ ಉತ್ತರ, ಇಲ್ಲ ಅನ್ನಲ್ಲ. ಆದರೆ ಸಂಬಂಧ ಕುದುರಿಸೋಕೆ ಹೋದವರು ‘ಹುಡುಗ ಹತ್ತಕ್ಕೆ ಏಳೂವರೆ’ ಅಂದರೆ ಹೆಣ್ಣಿನ ಕಡೆಯವರು ಏನು ತಿಳಿಯಬೇಕು?

ತಮಾಷೆ ಅಂದರೆ, ಮೊದಮೊದಲು ಈ ಅಸ್ಪಷ್ಟತೆ ಚೆನ್ನಾಗಿಯೇ ಕೆಲಸ ಮಾಡಿತು. 2017ರ ಚುನಾವಣೆಗೆ ಲೇಬರ್ ‘ಜನರ ತೀರ್ಪು ಒಪ್ಪುತ್ತೇವೆ, ಆದರೆ ಒಕ್ಕೂಟ ಬಿಡುವ ಒಪ್ಪಂದ ನಮಗೆ ಬೇಕಾದ ಹಾಗಿರಲಿ’ ಅನ್ನೋ ಧಾಟಿ ಹಿಡಿಯಿತು. ಉಳಿಯುವವರಿಗೂ ಬಿಡುವವರಿಗೂ ತಮಗೆ ಬೇಕಾದ್ದೇ ಕೇಳಿಸಿತು. 40% ಮತ, 262 ಸೀಟು ಬಂದವು. ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ಥೆರೆಸಾ ಮೇ ಬಹುಮತ ಕಳೆದುಕೊಂಡರು. ಹಾಗಾಗಿ ಪಕ್ಷದವರಿಗೆ ಅಡ್ಡಗೋಡೆ ದೀಪದ ಮೇಲೆ ನಂಬಿಕೆ ಬಂದಿದ್ದರಲ್ಲಿ ಆಶ್ಚರ್ಯವಿಲ್ಲ.

ಕಷ್ಟ ಶುರುವಾಗಿದ್ದು ಕೈಗೆ ನಿಜವಾದ ಒಪ್ಪಂದ ಬಂದಾಗ. 2019ರ ಜನವರಿ 15ರಂದು ಮೇ ಅವರ ಒಪ್ಪಂದ ಸಂಸತ್ತಿನಲ್ಲಿ 432–202 ಮತಗಳಿಂದ ಬಿದ್ದುಹೋಯಿತು. ಬೀಳಿಸುವುದರಲ್ಲಿ ಲೇಬರ್ ಬಹುತೇಕ ಒಂದಾಗಿತ್ತು. ಸರಿ, ನಿಮಗೇನು ಬೇಕು ಅಂತ ಕೇಳಿದ ಕೂಡಲೇ ಒಡಕು. ಆ ವರ್ಷ ಮೇ ತಿಂಗಳ ಯುರೋಪಿಯನ್ ಸಂಸತ್ ಚುನಾವಣೆಯಲ್ಲಿ ಲೇಬರ್ ಮೂರನೇ ಸ್ಥಾನಕ್ಕೆ ಜಾರಿತು. ಬಿಡೋಣ ಅನ್ನುವವರು ಬ್ರೆಕ್ಸಿಟ್ ಪಾರ್ಟಿಗೆ, ಉಳಿಯೋಣ ಅನ್ನುವವರು ಲಿಬರಲ್ ಡೆಮಾಕ್ರಾಟ್ ಮತ್ತು ಗ್ರೀನ್ ಪಕ್ಷಗಳಿಗೆ ಹೋದರು.

ಸೆಪ್ಟೆಂಬರ್ 23ರಂದು ಬ್ರೈಟನ್ ಊರಿನ ಲೇಬರ್ ಪಕ್ಷದ ಸಮ್ಮೇಳನದಲ್ಲಿ ನಡೆದ ಒಂದು ಗಳಿಗೆ ನೋಡಿ. ‘ನಾವು ಉಳಿಯುವ ಪರ’ ಅಂತ ಪಕ್ಷ ಘೋಷಿಸಲಿ ಅನ್ನುವ ನಿರ್ಣಯ ಕೈ ಎತ್ತಿ ತೀರ್ಮಾನಿಸಲು ಬಂತು. ಸಭಾಂಗಣದ ತುಂಬ ಕೈಗಳು. ಅಧ್ಯಕ್ಷತೆ ವಹಿಸಿದ್ದ ಮಹಿಳೆ ತಡವರಿಸಿದರು, ಪಕ್ಕದಲ್ಲಿದ್ದ ಪ್ರಧಾನ ಕಾರ್ಯದರ್ಶಿಯ ಮಾತು ಕೇಳಿದರು, ಆಮೇಲೆ ನಿರ್ಣಯ ಬಿತ್ತು ಅಂದರು. ತಮಗೆ ಒಂಥರಾ ಕಂಡಿತ್ತು, ಇವರು ಇನ್ನೊಂಥರಾ ಹೇಳಿದರು ಅಂತ ಮೈಕಿನಲ್ಲೇ ಒಪ್ಪಿಕೊಂಡರು! ಲೆಕ್ಕ ಹಾಕಿ ಅಂತ ಕೂಗಿದವರ ಮಾತು ನಡೆಯಲಿಲ್ಲ.

ಕೊನೆಗೆ ಉಳಿದ ಧೋರಣೆ ಹೀಗಿತ್ತು: ಗೆದ್ದರೆ ಮೂರು ತಿಂಗಳಲ್ಲಿ ಹೊಸ ಒಪ್ಪಂದ, ಆರು ತಿಂಗಳೊಳಗೆ ಮತ್ತೆ ಜನಮತಗಣನೆ. ಅದರಲ್ಲಿ ತಾನು ತಟಸ್ಥ ಅಂತ ಕಾರ್ಬಿನ್ ನವೆಂಬರಿನಲ್ಲಿ ಟಿವಿ ಪ್ರೇಕ್ಷಕರ ಮುಂದೆ ಹೇಳಿದರು. ಮಳೆಯಲ್ಲಿ ಮನೆ ಮನೆ ಬಾಗಿಲು ತಟ್ಟುವ ಕಾರ್ಯಕರ್ತ ಇದನ್ನು ಅರ್ಧ ನಿಮಿಷದಲ್ಲಿ ಹೇಗೆ ಬಿಡಿಸಿ ಹೇಳಬೇಕು? ಎದುರಿಗೆ, ಮೇ ನಂತರ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಅವರದು ಒಂದೇ ಮಾತು: ಬ್ರೆಕ್ಸಿಟ್ ಮುಗಿಸಿಬಿಡೋಣ.

ಡಿಸೆಂಬರ್ 12ರ ಚುನಾವಣೆಯಲ್ಲಿ ಲೇಬರ್ 202 ಸೀಟಿಗೆ ಇಳಿಯಿತು. 1935ರ ನಂತರ ಅಷ್ಟು ಕಡಿಮೆ ಸೀಟು ಬಂದೇ ಇರಲಿಲ್ಲ. ಕಲ್ಲಿದ್ದಲು ಗಣಿಗಳ ಸೀಮೆ ಬೋಲ್ಸೋವರ್‌ನಲ್ಲಿ 1970ರಿಂದ ಸಂಸದರಾಗಿದ್ದ ಡೆನಿಸ್ ಸ್ಕಿನ್ನರ್ ಸೋತರು. ಅವರು ಸ್ವತಃ ಬ್ರೆಕ್ಸಿಟ್ ಪರ ಇದ್ದವರು, ಅದೂ ಕಾಪಾಡಲಿಲ್ಲ. ಇಡೀ ದೇಶದಲ್ಲಿ ಲೇಬರ್ ಹೊಸದಾಗಿ ಗೆದ್ದಿದ್ದು ಒಂದೇ ಸೀಟು, ಲಂಡನ್ನಿನ ಪಟ್ನಿ. 2017ರಲ್ಲಿ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಲೇಬರ್‌ನಿಂದ ನಿಂತು ಒಂದೂವರೆ ಸಾವಿರ ಚಿಲ್ಲರೆ ಮತಗಳಿಂದ ಸೋತಿದ್ದ ಕ್ಷೇತ್ರ ಅದು.

ಈಗ ನಿಮ್ಮ ಮಗನ ಆಫೀಸಿನವರ ಮಾತಿಗೆ ಬರೋಣ. ನಾನು ಪೂರ್ತಿ ಒಪ್ಪಲ್ಲ. ಬ್ರೆಕ್ಸಿಟ್ಟನ್ನೇ ರದ್ದು ಮಾಡ್ತೀವಿ ಅಂತ ಸ್ಪಷ್ಟವಾಗಿ ಹೇಳಿದ ಲಿಬರಲ್ ಡೆಮಾಕ್ರಾಟರಿಗೆ ಸಿಕ್ಕಿದ್ದು 11 ಸೀಟು. ಅವರ ನಾಯಕಿ ಜೋ ಸ್ವಿನ್ಸನ್ ತಮ್ಮ ಕ್ಷೇತ್ರವನ್ನೇ 149 ಮತಗಳಿಂದ ಕಳೆದುಕೊಂಡರು. ಸ್ಪಷ್ಟತೆ ಒಂದೇ ಸೀಟು ತರಲ್ಲ. ಲೇಬರ್ ‘ಬಿಡೋಣ’ ಅಂದಿದ್ದರೆ ಸ್ಟೋಕ್ ಉಳಿಯುತ್ತಿತ್ತೇನೋ, ನಗರಗಳ ಯುವಕರು ಸುಮ್ನೆ ಇರ್ತಿದ್ದರಾ? ನನ್ನ ಪ್ರಕಾರ ಸರಿಯಾದ ಗಳಿಗೆ ಅಂತ ಇದ್ದಿದ್ದು 2017ರ ಗೆಲುವಿನಂಥ ಸೋಲಿನ ಬೆನ್ನಿಗೇ. ಆಗ ಕಸ್ಟಮ್ಸ್ ಒಕ್ಕೂಟದಲ್ಲಿ (ಒಳಗಿನ ದೇಶಗಳ ನಡುವೆ ಸುಂಕವಿಲ್ಲದ ಕೂಟ) ಉಳಿಯುವ ಮೆದು ಬ್ರೆಕ್ಸಿಟ್ ಅನ್ನು ಗಟ್ಟಿಯಾಗಿ ಹಿಡಿದಿದ್ದರೆ ಎರಡೂ ಕಡೆಯವರು ಗೊಣಗಿಕೊಂಡೇ ಜೊತೆಗಿರುತ್ತಿದ್ದರು.

ಮುಂದೆ ಲೇಬರ್ ನಾಯಕರಾದ ಕೀರ್ ಸ್ಟಾರ್ಮರ್ ಬೇರೆ ದಾರಿ ಹಿಡಿದರು. ಅಂದು ಮರು ಜನಮತಗಣನೆಗೆ ಜಾಸ್ತಿ ಒತ್ತಾಯಿಸಿದವರೇ 2020ರ ಡಿಸೆಂಬರ್‌ನಲ್ಲಿ ಜಾನ್ಸನ್ ವ್ಯಾಪಾರ ಒಪ್ಪಂದದ ಪರ ವೋಟು ಹಾಕಿಸಿದರು. ಒಕ್ಕೂಟದ ಏಕ ಮಾರುಕಟ್ಟೆಗೂ ಕಸ್ಟಮ್ಸ್ ಒಕ್ಕೂಟಕ್ಕೂ ವಾಪಸ್ ಹೋಗಲ್ಲ ಅಂದರು. 2024ರಲ್ಲಿ ಸುಮಾರು 34% ಮತಕ್ಕೆ 411 ಸೀಟು ಬಂದವು. ಕಾರ್ಬಿನ್ 40% ತೆಗೆದುಕೊಂಡು ಸೋತಿದ್ದರು ಅನ್ನೋದನ್ನು ನಿಮ್ಮ ಮಗನಿಗೆ ಹೇಳಿ.

ಪ್ರಶ್ನೆ: ಲಂಡನ್ನಿನಲ್ಲಿದ್ದ ನನ್ನ ತಂಗಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಬ್ರೆಕ್ಸಿಟ್‌ಗೆ ವೋಟು ಹಾಕಿದೆ ಅಂತಾಳೆ. ಇದು ನಿಜವಾ?
– ಓದುಗರು, ಹುಬ್ಬಳ್ಳಿ

ಉತ್ತರ: ನಿಜ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಅಲ್ಲಿ ಕಾನೂನುಬದ್ಧವಾಗಿ ವಾಸವಿದ್ದು ಮತದಾರರ ಪಟ್ಟಿಗೆ ಹೆಸರು ಸೇರಿಸಿದ್ದರೆ ಸಾಕು, ಸಂಸತ್ ಚುನಾವಣೆಗೂ ವೋಟು ಹಾಕಬಹುದು. ಆದರೆ ಪಕ್ಕದ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದ ಫ್ರಾನ್ಸ್ ಅಥವಾ ಪೋಲೆಂಡಿನ ಪ್ರಜೆಗೆ ಆ ಹಕ್ಕು ಇರಲಿಲ್ಲ. ಒಕ್ಕೂಟದ ದೇಶಗಳಲ್ಲಿ ಐರ್ಲೆಂಡ್, ಮಾಲ್ಟಾ, ಸೈಪ್ರಸ್‌ನವರಿಗಷ್ಟೇ ಇತ್ತು. ನಿಮ್ಮ ತಂಗಿ ಯಾವ ಕಡೆ ಹಾಕಿದರು ಅಂತ ಕೇಳಿದಿರಾ?