ಕಡಿಮೆ ಖರ್ಚಿನಲ್ಲಿ ಸಮುದ್ರತಳದ ಭೂಕಂಪಮಾಪಕ ಮಾಡಲು ಯಾವ ಸೆನ್ಸರ್ ಒಳ್ಳೆಯದು?

ನಾನೂ ಸೆನ್ಸರಿನಿಂದಲೇ ಶುರು ಮಾಡಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವನು. 4.5 ಹರ್ಟ್ಸ್‌ನ ಜಿಯೋಫೋನ್ (ನೆಲದ ಅದುರನ್ನು ವಿದ್ಯುತ್ ಸಂಕೇತವಾಗಿಸುವ ಸೆನ್ಸರ್) ಹಾಕಿ, ಮುಗೀತು. ಹತ್ತಿರದ ಸಣ್ಣಪುಟ್ಟ ಕಂಪನಗಳಿಗೆ ಅದು ಸಾಕು. ತೀರ ನಿಧಾನದ ಅಲೆಗಳನ್ನೂ ಹಿಡಿಯುವ ಬ್ರಾಡ್‌ಬ್ಯಾಂಡ್ ಸೆನ್ಸರೇ ಬೇಕು ಅಂದರೆ ಅಗ್ಗದ ಮಾತು ಬಿಡಿ.

ನಮಗೆ ಕೈಕೊಟ್ಟದ್ದು ರೆಕಾರ್ಡರಿನೊಳಗಿನ ಗಡಿಯಾರ. ಅಲೆ ಬಂದ ಹೊತ್ತನ್ನು ಗುರುತಿಸುವುದು ಅದೇ. ನೀರಿನಡಿಗೆ ಜಿಪಿಎಸ್ ಸಿಗ್ನಲ್ ತಲುಪುವುದಿಲ್ಲ. ಹಾಗಾಗಿ ಇಳಿಸುವ ಮುನ್ನ ಒಮ್ಮೆ, ಮೇಲೆತ್ತಿದ ಮೇಲೆ ಇನ್ನೊಮ್ಮೆ ಜಿಪಿಎಸ್ ಜೊತೆ ತಾಳೆ ನೋಡಿ, ನಡುವೆ ಅದು ಒಂದೇ ಸಮನೆ ಜಾರಿದೆ ಅಂತ ಹಿಡಿದು ತಿದ್ದುತ್ತೇವೆ. ನಾನು ಬ್ಯಾಟರಿ ಲೆಕ್ಕ ಹಾಕಿದ್ದು ಬೆಚ್ಚಗಿನ ಕೋಣೆಯಲ್ಲಿ ಕೂತು. ಆಳದ ತಳದಲ್ಲಿ ನೀರು 2ರಿಂದ 4 ಡಿಗ್ರಿ. ಆ ಥಂಡಿಗೆ ಆಲ್ಕಲೈನ್ ಸೆಲ್ಲುಗಳ ಕಸುವು ಕುಗ್ಗುತ್ತದೆ. ಉಪಕರಣ ಹೊತ್ತ ಗಾಜಿನ ಗೋಳ ಒಂದು ಗೀರೂ ಇಲ್ಲದೆ ಮೇಲೆ ಬಂತು, ಕಾರ್ಡಿನ ತುಂಬ ಚೆಂದದ ಅಲೆಗಳು. ಆದರೆ ರೆಕಾರ್ಡರ್ ಯಾವಾಗಲೋ ಸತ್ತಿತ್ತು, ಗಡಿಯಾರವೂ ಜೊತೆಗೇ ನಿಂತಿತ್ತು. ಎರಡನೇ ತಾಳೆ ಯಾವುದರ ಜೊತೆ ನೋಡುವುದು?

ನಮ್ಮ ಗಡಿಯಾರವನ್ನು ನಡೆಸುವ ಕ್ರಿಸ್ಟಲ್ ಹತ್ತು ಲಕ್ಷಕ್ಕೆ ಒಂದು ಪಾಲು ತಪ್ಪುವಂಥದ್ದು. ಕೇಳಲು ಏನೂ ಅಲ್ಲ. ದಿನಕ್ಕೆ 86 ಮಿಲಿಸೆಕೆಂಡ್, 30 ದಿನಕ್ಕೆ ಎರಡೂವರೆ ಸೆಕೆಂಡ್! ಭೂಕಂಪದಲ್ಲಿ ಮೊದಲು ತಲುಪುವ ಪಿ ಅಲೆ ಭೂಮಿಯ ಹೊರಪದರದಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ, ಅಂದರೆ 15 ಕಿ.ಮೀ. ಆಚೀಚೆ. ಪಿ ಅಲೆಗೂ ಅದರ ಹಿಂದೆ ಬರುವ ಎಸ್ ಅಲೆಗೂ ನಡುವಿನ ಸಮಯದಿಂದ ಭೂಕಂಪದ ದೂರ ಸಿಗುತ್ತದೆ ನಿಜ. ಆದರೆ ಬೇರೆ ಕೇಂದ್ರಗಳ ದಾಖಲೆ ಸೇರಿಸಿ ಜಾಗ ಗುರುತಿಸಲು ಹೊರಟಾಗ ನಮ್ಮದು ಮಾತ್ರ ಎಲ್ಲಕ್ಕೂ ಅಡ್ಡ ನಿಲ್ಲುತ್ತಿತ್ತು. ಹತ್ತಿರದಲ್ಲೇ ಇನ್ನೊಂದು ಮಾಪಕ ಇದ್ದಿದ್ದರೆ ಎರಡರಲ್ಲೂ ದಾಖಲಾದ ಕಡಲಿನ ಗದ್ದಲವನ್ನು ಹೋಲಿಸಿ ಜಾರಿದ್ದೆಷ್ಟು ಅಂತ ಅಂದಾಜಿಸಬಹುದಿತ್ತು. ದುಡ್ಡು ಉಳಿಸಲು ಒಂದನ್ನೇ ಇಳಿಸಿದ್ದೆವು.

ಆದ್ದರಿಂದ ಸೆನ್ಸರಿಗೆ ಇಟ್ಟ ಹಣವನ್ನು ಗಡಿಯಾರಕ್ಕೆ ಹಾಕಿ. ಅದಕ್ಕೆ ಬೇರೆಯದೇ ಬ್ಯಾಟರಿ ಕೊಡಿ, ರೆಕಾರ್ಡಿಂಗ್ ನಿಂತರೂ ಓಡುತ್ತಿರಲಿ. ಚಿಪ್ ಗಾತ್ರದ ಪರಮಾಣು ಗಡಿಯಾರ ಸೊಗಸೇ, ಆದರೆ ಅದೊಂದಕ್ಕೇ ನಿಮ್ಮ ಬಜೆಟ್ ಹಾರಿಹೋದೀತು. ಇನ್ನು ಮಾಪಕ ಮೇಲೆ ಬರಲು ಲಂಗರು ಕಳಚಬೇಕು. ಲಂಗರನ್ನು ಹಿಡಿದ ಉಕ್ಕಿನ ತಂತಿಗೆ ಕರೆಂಟ್ ಹಾಯಿಸಿ ಉಪ್ಪುನೀರಿನಲ್ಲಿ ಕರಗಿಸುವುದು ಅಗ್ಗದ ದಾರಿ. ಪರೀಕ್ಷಿಸುವಾಗ ಸಮುದ್ರದಷ್ಟೇ ಉಪ್ಪಿನ ನೀರು ಬೇಕು. ನಲ್ಲಿನೀರಿನಲ್ಲಿ ಮಾಡಿದರೆ ಏನೂ ಗೊತ್ತಾಗುವುದಿಲ್ಲ.

ಇಳಿಸುವ ಮುಂಚೆ ಇಡೀ ರೆಕಾರ್ಡರನ್ನು ಫ್ರಿಜ್ಜಿನಲ್ಲಿಟ್ಟು ಓಡಿಸಿ, ಹೊರಗಿನ ಜಿಪಿಎಸ್ ರಿಸೀವರ್ ಪ್ರತಿ ಸೆಕೆಂಡಿಗೆ ಕೊಡುವ ಪಲ್ಸ್ ಜೊತೆ ದಿನಾ ಹೋಲಿಸಿ ಬರೆದಿಡಿ. ನಾಲ್ಕು ದಿನ ನೋಡಿ ಸಾಕು ಅನ್ನಬೇಡಿ, ಕಡಲಿನಲ್ಲಿ ಎಷ್ಟು ದಿನ ಇಡುವಿರೋ ಅಷ್ಟೂ ದಿನ. ತಂತಿ ಹೊರಬರುವ ಕಡೆ ಬಾಗಿಲಿನ ರಬ್ಬರಿಗೆ ಟೇಪ್ ಹಚ್ಚಿ, ಇಲ್ಲದಿದ್ದರೆ ಒಳಗೆ ಥಂಡಿ ನಿಲ್ಲುವುದಿಲ್ಲ.